ಎರಿ ಮಣ್ಣಿಗೆ ಅಗಲ ಟೈರ್ ಬೇಡ: ಜಿಮ್ನಿಗೆ ನಾನು ಹಾಕಿಸಿದ್ದು

ಹುಬ್ಬಳ್ಳಿಯಲ್ಲಿ ಜಿಮ್ನಿ (ಮಾರುತಿ ಸುಜುಕಿಯ, ನಾಲ್ಕೂ ಗಾಲಿ ಎಳೆಯುವ ಸಣ್ಣ ಗಾಡಿ) ತಗೊಂಡವರು ಮೊದಲು ಮಾಡುವ ಕೆಲಸ ಗೋಕುಲ ರೋಡಿಗೆ ಹೋಗಿ 235/75 ಆರ್15 ಎಂಟಿ ಟೈರಿನ ರೇಟ್ ಕೇಳುವುದು. 235 ಅಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ, ಎಂಟಿ ಅಂದರೆ ರಾಡಿಗೆಂದೇ ಮಾಡಿದ್ದು. ನಾನೂ ಕೇಳಿದೆ, ಹಾಕಿಸಿದೆ, ಒಂದು ಮಳೆಗಾಲ ಓಡಿಸಿ ಬಿಚ್ಚಿ ಮಾರಿದೆ. ಈಗ ಇರುವುದು 215/75 ಆರ್15, ಎಟಿ (ಎಲ್ಲ ರಸ್ತೆಗೂ ಆಗುವಂಥದ್ದು), ಅದೂ ಕಬ್ಬಿಣದ ಡಿಸ್ಕ್, ಅಂದರೆ ರಿಮ್ ಮೇಲೆ. "ಬೊಲೆರೊ ಗಾಲಿ ಹಚ್ಚ್ಯಾನ ನೋಡ್ರಿ" ಅಂತ ನಕ್ಕವರ ಗಾಡಿಗಳನ್ನು ಹೋದ ಮುಂಗಾರಿನಲ್ಲಿ ಅಣ್ಣಿಗೇರಿಯ ಹೊಲದ ದಾರಿಯಿಂದ ಎಳೆದು ತೆಗೆದದ್ದು ಇದೇ ಗಾಡಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿನ ಸೆಟ್ಟಿನ ಲೆಕ್ಕ ಹೇಳಿಬಿಡುತ್ತೇನೆ. ಅಲಾಯ್ ನಾಲ್ಕಕ್ಕೆ 50,000ದ ಹತ್ತಿರ, ಟೈರ್ ಒಂದಕ್ಕೆ 11,000ದ ಆಸುಪಾಸು, ನಟ್ಟು, ಬ್ಯಾಲೆನ್ಸಿಂಗ್, ಚಹಾ ಸೇರಿ ಲಕ್ಷ ಮುಟ್ಟಿತು. ನೋಡಲು ಮಾತ್ರ ಭಾರಿ ಇತ್ತು, ಸುಳ್ಳು ಹೇಳಲ್ಲ. ಆದರೆ ಅಲಾಯ್ 7 ಇಂಚು ಅಗಲ, ಆಫ್‌ಸೆಟ್ (ಡಿಸ್ಕಿನ ನಟ್ಟ ನಡುವಿನಿಂದ ಅದು ಗಾಡಿಗೆ ಕೂರುವ ಮುಖಕ್ಕೆ ಇರುವ ದೂರ, ಮಿಲಿಮೀಟರಿನಲ್ಲಿ; ಮೈನಸ್ ಆದಷ್ಟೂ ಗಾಲಿ ಹೊರಗೆ) ಮೈನಸ್ 10. ಕಂಪನಿಯದ್ದು ಐದೂವರೆ ಇಂಚು, ಪ್ಲಸ್ 5. ಲೆಕ್ಕ ಹಾಕಿದರೆ ಡಿಸ್ಕಿನ ಅಂಚು ಮೂರೂವರೆ ಸೆಂಟಿಮೀಟರ್ ಹೊರಗೆ ಬಂತು. ರಾಡಿ ಎಲ್ಲ ಬಾಗಿಲಿಗೆ, ಕನ್ನಡಿಗೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಬಂಪರ್ ಮೂಲೆಗೆ ಕರಕರ. ಇಂಜಿನ್ನಿಗೆ ಇರುವುದೇ 134 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಅದರ ಮೇಲೆ ಈ ಭಾರ. 16ರ ಹತ್ತಿರ ಕೊಡುತ್ತಿದ್ದ ಮೈಲೇಜು 13ಕ್ಕೆ ಇಳಿಯಿತು.

ಇನ್ನೊಂದು ತೊಂದರೆ ಅಂಗಡಿಯಿಂದಲೇ ಬಂದದ್ದು. ಜಿಮ್ನಿಯ ಹಬ್ (ಗಾಲಿ ಕೂರುವ ನಡುಗುಂಬ) 108 ಮಿಲಿಮೀಟರ್, ಅಲಾಯ್‌ನ ಬೋರ್ (ನಡುವಿನ ತೂತು) 110. ನಡುವೆ ರಿಂಗ್ ಹಾಕಿರಲಿಲ್ಲ. ಗದಗ ರಸ್ತೆಯಲ್ಲಿ 80 ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು. ಮೂರು ಕಡೆ ಅಲೈನ್‌ಮೆಂಟ್ ಮಾಡಿಸಿದರೂ ಹೋಗಲಿಲ್ಲ, ರಿಂಗ್ ಕೂರಿಸಿದ ಮೇಲೆ ಹೋಯಿತು. ಸುಜುಕಿಯ ನಟ್ಟು 12 ಮಿಲಿಮೀಟರಿನದು, ಥ್ರೆಡ್ಡಿನ ಅಂತರ 1.25. ಅಂಗಡಿಯ ಹುಡುಗ 1.5ರ ನಟ್ಟನ್ನು ಗನ್ನಿನಿಂದ ಬಿಗಿಯಲು ಹೊರಟಿದ್ದ, ಕೈ ಹಿಡಿದು ನಿಲ್ಲಿಸಿದೆ. ಮೊದಲ ನಾಲ್ಕು ಸುತ್ತು ಬೆರಳಲ್ಲೇ ತಿರುಗದಿದ್ದರೆ ಆ ನಟ್ಟು ನಿಮ್ಮದಲ್ಲ.

ಇದೆಲ್ಲ ಸಣ್ಣದು. ನಿಜವಾದ ಸಮಸ್ಯೆ ಎರಿ ಮಣ್ಣು, ಅಂದರೆ ನಮ್ಮ ಕಡೆಯ ಅಂಟು ಕಪ್ಪು ಮಣ್ಣು. ಬೆಣ್ಣೆಹಳ್ಳದ ಆಚೀಚೆ ಹೊಲ ಇದ್ದವರಿಗೆ ಗೊತ್ತು, ಜೋರು ಮಳೆಗಿಂತ ಜಿಟಿಜಿಟಿ ಮಳೆಯೇ ಕೆಟ್ಟದ್ದು. ಪೂರ್ತಿ ನೀರಾದ ರಾಡಿ ಟೈರಿನಿಂದ ಹಾರಿ ಹೋಗುತ್ತದೆ. ಅರ್ಧ ಹಸಿಯಾದ ಎರಿ ಮಾತ್ರ ಟೈರಿಗೆ ಸುತ್ತಿಕೊಳ್ಳುತ್ತದೆ, ಮೇಲೆ ಜೋಳದ ಕೂಳಿ, ಕಣಿಕಿ ಚೂರು ಕೂಡಿದರೆ ಮುಗಿಯಿತು, ಹೊಸ ಗೋಡೆಗೆ ಮೆತ್ತಿದ ಹಾಗೆ. ಟೈರು ತಿರುಗಿದಷ್ಟೂ ದಪ್ಪವಾಗುತ್ತದೆ, ಕೊನೆಗೆ ಒಳಗಿನ ಪ್ಲಾಸ್ಟಿಕ್ ಲೈನರಿಗೆ ಒತ್ತಿ ಗಾಲಿಯೇ ನಿಲ್ಲುತ್ತದೆ. ಗಾಲಿ ಜಾರಿ ಸಿಕ್ಕಿಬಿದ್ದದ್ದಲ್ಲ ಇದು, ತಿರುಗಲಿಕ್ಕೇ ಆಗದೆ ನಿಂತದ್ದು. 4 ಲೋ (ನಾಲ್ಕೂ ಗಾಲಿ ನಿಧಾನಕ್ಕೆ, ಜೋರಾಗಿ ಎಳೆಯುವ ಗೇರು) ಹಾಕಿದರೆ ಏನು ಬಂತು? ಹೆಸರುಕಾಳು ಬಿಡಿಸುವ ಹೊತ್ತಿಗೆ ನನ್ನ 235 ಹೀಗೆ ನಿಂತಾಗ ಪಕ್ಕದ ಹೊಲದ ಕಾಕಾ ಕಳೆ ತೆಗೆಯುವ ಕುರ್ಚಿಗಿ ಕೊಟ್ಟು, "ಕೆರಿ ತಮ್ಮಾ, ಎತ್ತಿನ ಗಾಡಿ ಗಾಲಿ ಸಪೂರ ಯಾಕ ಇರತಾವ ಅಂತ ಈಗರ ತಿಳೀತಿಲ್ಲ?" ಅಂದರು.

ಆ ಮಾತು ತಲೆಯಲ್ಲಿ ಕೂತಿತು. ಅಲ್ಲಿಂದ ನಾನು ಟೈರ್ ಆರಿಸುವುದು ಖಾಲಿ ಜಾಗ ನೋಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟೈರಿಗೂ ಲೈನರಿಗೂ ನಡುವೆ ಮುಷ್ಟಿ ಹೋಗಬೇಕು. ಬೆರಳಷ್ಟೇ ಹೋದರೆ ಎರಿಗೆ ಇಳಿಸಬೇಡಿ. 195/80ರ ಕಂಪನಿ ಟೈರು 693 ಮಿಲಿಮೀಟರ್ ಎತ್ತರ, 215/75 ಸುಮಾರು 703, ಅಂದರೆ ಒಂದೂವರೆ ಪರ್ಸೆಂಟ್ ಹೆಚ್ಚು, ಸ್ಪೀಡೋಮೀಟರಿಗೆ ಲೆಕ್ಕಕ್ಕಿಲ್ಲ. 235/75 ಆದರೆ 733, ಹೆಚ್ಚುಕಡಿಮೆ ಆರು ಪರ್ಸೆಂಟ್. 215 ಆರಿಸಲು ಇನ್ನೊಂದು ಕಾರಣ, ಅದು ಬೊಲೆರೊದ ಸೈಜು. ಮುಂಡರಗಿಯಲ್ಲಿ ಟೈರ್ ಸೀಳಿದರೂ ಸಂಜೆಯೊಳಗೆ ಇನ್ನೊಂದು ಸಿಗುತ್ತದೆ. ನಕ್ಕವರು 235ಕ್ಕೆ ಹುಬ್ಬಳ್ಳಿಗೆ ಫೋನ್ ಹಚ್ಚಬೇಕು.

ಕಬ್ಬಿಣದ ಡಿಸ್ಕ್ ಯಾಕೆ ಅಂದರೆ, ಡೋಣಿ ಕಡೆ ಗರಸು ರಸ್ತೆಯಲ್ಲಿ ಗೆಳೆಯನ ಅಲಾಯ್ ಕಲ್ಲಿಗೆ ಬಡಿದು ಸೀಳಿತ್ತು. ಕಬ್ಬಿಣದ್ದು ಬಾಗುತ್ತದೆ, ಬಡಿದು ನೆಟ್ಟಗೆ ಮಾಡಬಹುದು. ಒಂದು 3,000ದ ಒಳಗೇ ಬಿತ್ತು. ಎಲ್ಲಿ ತಂದೆ ಅಂತ ಕೇಳಬೇಡಿ, ಇನ್ನೂ ಎರಡು ಬೇಕಾಗಿವೆ. ಟೈರು 8,000ದ ಸುಮಾರು. ಹಳೆಯ ಸೆಟ್ಟು ಅರ್ಧ ಬೆಲೆಗೆ ಹೋದದ್ದರಿಂದ ಈ ಸಲ ಕೈಯಿಂದ ಹಾಕಿದ್ದು ಕಡಿಮೆಯೇ.

ಮಣ್ಣು ಅಂಟದಿರಲಿ ಅಂತ ಲೈನರಿಗೆ ಏನೇನೋ ಸವರಿ ನೋಡಿದೆ. ಡೀಸೆಲ್ ಅರ್ಧ ಗಂಟೆ ಆಟ, ರಬ್ಬರಿಗೂ ಒಳ್ಳೆಯದಲ್ಲ. ಕುಸುಬಿ ಎಣ್ಣೆಗೆ ಮಣ್ಣು ಇನ್ನೂ ಚೆನ್ನಾಗಿ ಅಂಟಿತು, ರಾತ್ರಿ ಇಲಿಗಳಿಗೆ ಊಟವೂ ಆಯಿತು. ಈಗ ಹಚ್ಚುವುದು ಬೇರೆ, ಅದು ನನ್ನಲ್ಲೇ ಇರಲಿ. ಮಳೆಗಾಲಕ್ಕೆ ಮುಂದಿನ ಗಾಲಿಗಳ ಮಡ್‌ಫ್ಲ್ಯಾಪ್ ಬಿಚ್ಚಿಡುವುದನ್ನು ಮಾತ್ರ ಎಲ್ಲರಿಗೂ ಹೇಳುತ್ತೇನೆ.

ಹವಾ ರಸ್ತೆಯಲ್ಲಿ 28, ಎರಿಗೆ ಇಳಿಯುವಾಗ 18. ಅದಕ್ಕಿಂತ ಇಳಿಸಿದರೆ ಟೈರು ಮತ್ತೆ ಅಗಲವಾಗಿ ಅದೇ ಕಥೆ. ಹೊಲದಿಂದ ಬಂದ ಮರುದಿನ 70ರಲ್ಲಿ ಗಾಡಿ ನಡುಗಿದರೆ ಅಲೈನ್‌ಮೆಂಟಿಗೆ ರೊಕ್ಕ ಕೊಡುವ ಮೊದಲು ಗಾಲಿಯ ಒಳಮಗ್ಗಲು ನೋಡಿ. ಡಿಸ್ಕಿನ ಒಳಗೆ ಒಂದೇ ಕಡೆ ಮಣ್ಣು ಒಣಗಿ ಕೂತಿರುತ್ತದೆ. ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಅಂಗೈಯಗಲದ ಹೆಂಟೆ ಹಾಗೇ ಕಳಚಿ ಬರುತ್ತದೆ, ನಡುಕವೂ ಹೋಗುತ್ತದೆ.

ಸ್ಟೆಪ್ನಿಯನ್ನೂ ಅದೇ ಸೈಜಿನದು ತಗೊಳ್ಳಿ, ಐದನ್ನೂ 8,000 ಕಿಲೋಮೀಟರಿಗೊಮ್ಮೆ ಅದಲುಬದಲು ಮಾಡಿಸಿ. ಒಂದು ಟೈರಿನ ರೊಕ್ಕ ಉಳಿಸಲು ಹಳೆಯ 195ನ್ನೇ ಹಿಂದೆ ನೇತುಹಾಕಿ, ಪಂಕ್ಚರ್ ಆದಾಗ ಅದನ್ನೇ ಹಚ್ಚಿ 4 ಹೈನಲ್ಲಿ (ನಾಲ್ಕೂ ಗಾಲಿ ಎಳೆಯುವ ವೇಗದ ಗೇರಿನಲ್ಲಿ) ಓಡಿಸಿದವರೊಬ್ಬರು ಈಗ ಟ್ರಾನ್ಸ್‌ಫರ್ ಕೇಸಿನ, ಅಂದರೆ ಮುಂದಿನ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯ, ಬಿಲ್ಲು ಹಿಡಿದು ಕೂತಿದ್ದಾರೆ.