ಟೋಲ್ ರಸ್ತೆಗೆ ದುಡ್ಡು ಎಲ್ಲಿಂದ? ಆರ್‌ಟಿಐ ಅರ್ಜಿ ಬರೆಯುವುದು ಹೀಗೆ

ಕಳೆದ ತಿಂಗಳು ನಮ್ಮ ಬಡಾವಣೆಯ ಮೇಷ್ಟ್ರು ಒಂದು ಕವರು ಹಿಡಿದು ಬಂದರು. ಒಳಗೆ ಒಂದು ಕಚೇರಿಯ ಉತ್ತರ. ‘ತಾವು ಕೋರಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಒಂದೇ ಸಾಲು. ಅವರು ಕಳಿಸಿದ್ದು ನಾಲ್ಕು ಪುಟದ ಅರ್ಜಿ. ಅದರಲ್ಲಿ 23 ಪ್ರಶ್ನೆ. ಮೊದಲನೆಯದೇ ‘ರೈತರ ಹೊಟ್ಟೆ ಮೇಲೆ ಹೊಡೆದು ಈ ರಸ್ತೆ ಯಾರಿಗಾಗಿ?’ ಕೇಳಬೇಕಾದ ಮಾತೇ ಅದು. ಆದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ, ಅಂದರೆ ಆರ್‌ಟಿಐನಲ್ಲಿ, ಅದಕ್ಕೆ ಉತ್ತರ ಸಿಗಲ್ಲ. ಇಂಥ ಅರ್ಜಿ ವಾಪಸ್ ಬಂದಿದ್ದನ್ನು ನಾನು ತುಂಬಾ ನೋಡಿದ್ದೇನೆ. ಅದಕ್ಕೇ ಈ ಬರಹ.

ರಸ್ತೆ ಯಾವುದು ಅಂತ ಗೊತ್ತಲ್ವಾ? ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆ. ಈಗಿನ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್. ತುಮಕೂರು ರಸ್ತೆಯಿಂದ ಹೊರಟು ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆ ಸೇರುವ ಸುಮಾರು 73 ಕಿ.ಮೀ. ದಾರಿ. ಜಮೀನು ಸ್ವಾಧೀನದ ಮೊದಲ ಅಧಿಸೂಚನೆ 2005ರದ್ದು, ಅಂತಿಮ ಅಧಿಸೂಚನೆ 2007ರದ್ದು. ಯೋಜನೆಯ ಅಂದಾಜು 27,000 ಕೋಟಿ ರೂಪಾಯಿಗೆ ಏರಿತು. ಅದರಲ್ಲಿ ಸುಮಾರು 21,000 ಕೋಟಿ ಬರೀ ಜಮೀನಿಗೆ. ವಸತಿ, ನಗರಾಭಿವೃದ್ಧಿ ಕೆಲಸಗಳಿಗೆ ಸಾಲ ಕೊಡುವ ಹುಡ್ಕೊದಿಂದ ಸಾಲ, ಅದಕ್ಕೆ ರಾಜ್ಯ ಸರ್ಕಾರದ ಖಾತರಿ ಅಂತ ತೀರ್ಮಾನವಾಯಿತು. 2025ರಲ್ಲಿ ರಸ್ತೆಯ ಅಗಲವನ್ನು 100 ಮೀಟರ್‌ನಿಂದ 65 ಮೀಟರ್‌ಗೆ ಇಳಿಸಿದರು. ಖರ್ಚೂ ಇಳಿಯುತ್ತದೆ ಎಂದು ಸರ್ಕಾರ ಹೇಳಿತು.

ಖಾತರಿ ಅಂದರೆ ಏನು ಅಂತ ಬಿಡಿಸಿ ಹೇಳುತ್ತೇನೆ, ಎಲ್ಲರೂ ಇಲ್ಲೇ ಎಡವುತ್ತಾರೆ. ಟೋಲ್‌ನಲ್ಲಿ ಬಂದ ದುಡ್ಡು ಸಾಲದ ಕಂತಿಗೆ ಸಾಲದೇ ಹೋದರೆ, ಉಳಿದದ್ದನ್ನು ರಾಜ್ಯದ ಖಜಾನೆ ಕಟ್ಟಬೇಕು. ಆ ರಸ್ತೆಯನ್ನು ಕಣ್ಣಲ್ಲೂ ನೋಡದ ಬೀದರಿನವರ ತೆರಿಗೆ ದುಡ್ಡೂ ಅದರಲ್ಲಿ ಸೇರುತ್ತದೆ. ಹಾಗಾಗಿ ಇದು ಬರೀ ಕಾರು ಇಟ್ಟುಕೊಂಡವರ ವಿಷಯ ಅಲ್ಲ.

ಮೊದಲ ಹೆಜ್ಜೆ: ಕಚೇರಿ ಗೊತ್ತುಮಾಡಿಕೊಳ್ಳಿ. ರಸ್ತೆಯ ಕಡತ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಲ್ಲಿ (ಬಿಡಿಎ), ಖಾತರಿಯ ಕಡತ ರಾಜ್ಯದ ಆರ್ಥಿಕ ಇಲಾಖೆಯಲ್ಲಿ, ಸಾಲ ಕೊಡುವವರ ಕಾಗದ ಹುಡ್ಕೊದಲ್ಲಿ. ಹುಡ್ಕೊ ಕೇಂದ್ರದ ಸಂಸ್ಥೆ. ಅದಕ್ಕೆ ಕೇಂದ್ರದ ಆರ್‌ಟಿಐ ಪೋರ್ಟಲ್, ಉಳಿದೆರಡಕ್ಕೆ ಕರ್ನಾಟಕದ ಪೋರ್ಟಲ್. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಬೇರೆ, ಅದು ಹೆದ್ದಾರಿ ಪ್ರಾಧಿಕಾರದ್ದು. ಎರಡನ್ನೂ ಒಂದೇ ಅಂತ ತಿಳಿದು ಬಿಡಿಎಗೆ ಬರೆಯುವವರು ಜಾಸ್ತಿ. ಕಚೇರಿ ತಪ್ಪಿದರೂ 6(3)ನೇ ಸೆಕ್ಷನ್ ಪ್ರಕಾರ 5 ದಿನದಲ್ಲಿ ಸರಿಯಾದ ಕಡೆಗೆ ವರ್ಗಾಯಿಸಬೇಕು. ಅದನ್ನು ನಂಬಿ ಕೂರಬೇಡಿ.

ಎರಡನೇ ಹೆಜ್ಜೆ: ಪ್ರಶ್ನೆ ಬರೆಯುವುದು. ಇಲ್ಲಿ ಒಂದು ಸಂಜೆ ಪೂರ್ತಿ ಕೂತರೂ ನಷ್ಟ ಇಲ್ಲ.

ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟು ಇವೆ. ಒಂದು ಅರ್ಜಿಗೆ ಒಂದೇ ವಿಷಯ. ಸಾಮಾನ್ಯವಾಗಿ 150 ಪದ ದಾಟಬಾರದು. ಮೇಷ್ಟ್ರ ಅರ್ಜಿ ಈ ಎರಡನ್ನೂ ಮೀರಿತ್ತು. ಸಾಲ, ಪರಿಹಾರ, ಮರ ಕಡಿಯುವುದು, ಟೋಲ್ ದರ ಎಲ್ಲ ಒಂದೇ ಕಡೆ. ಪರಿಹಾರದ್ದೇ ದೊಡ್ಡ ಕಥೆ. ಬಿಡಿಎ ಕಾಯ್ದೆಯಡಿ ಸ್ವಾಧೀನವಾದ ಜಮೀನಿಗೆ, ಹೆಚ್ಚು ಪರಿಹಾರ ಕೊಡಿಸುವ 2013ರ ಭೂಸ್ವಾಧೀನ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ರೈತರ ನೋವು ಅಲ್ಲಿದೆ. ಅದಕ್ಕೆ ಬೇರೆ ಅರ್ಜಿಯನ್ನೇ ಹಾಕಿ.

‘ಯಾಕೆ’, ‘ಯಾರ ಲಾಭಕ್ಕೆ’, ‘ಇದು ಸರಿಯೇ’ ಅಂತ ಬರೆಯಬೇಡಿ. ಕಡತದಲ್ಲಿ ಇರುವ ಕಾಗದವನ್ನು ಮಾತ್ರ ಅವರು ಕೊಡಬೇಕು, ಇಲ್ಲದ ವಿವರಣೆಯನ್ನು ಬರೆದು ಕೊಡಬೇಕಿಲ್ಲ. ಆದ್ದರಿಂದ ಪ್ರತಿ ಸಾಲೂ ಒಂದು ಕಾಗದದ ಹೆಸರಿನಲ್ಲಿ ಮುಗಿಯಬೇಕು. ‘ಸಾಲ ಯಾಕೆ ತೆಗೆದುಕೊಂಡಿರಿ?’ ಅನ್ನುವ ಬದಲು ‘ಸಾಲದ ಪ್ರಸ್ತಾವದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಅನ್ನಿ. ಯಾಕೆ ಅನ್ನುವುದು ಆ ಹಾಳೆಯಲ್ಲೇ ಇರುತ್ತದೆ. ಯಾವ ಅಧಿಕಾರಿ ಏನು ಬರೆದರು, ಯಾರು ಒಪ್ಪಲಿಲ್ಲ, ಎಲ್ಲ.

ಮೇಷ್ಟ್ರ ಅರ್ಜಿಯನ್ನು ನಾವಿಬ್ಬರೂ ಕೂತು ಹೀಗೆ ತಿದ್ದಿದೆವು:

ವಿಷಯ: ಬೆಂಗಳೂರು ಬಿಸಿನೆಸ್ ಕಾರಿಡಾರ್ (ಪೆರಿಫೆರಲ್ ರಿಂಗ್ ರಸ್ತೆ) ಯೋಜನೆಯ ಸಾಲ.
1. ಸಾಲ ಮಂಜೂರಾತಿ ಪತ್ರದ ಪ್ರತಿ, ಷರತ್ತುಗಳ ಸಮೇತ.
2. ಸಾಲ ಮರುಪಾವತಿ ವೇಳಾಪಟ್ಟಿಯ ಪ್ರತಿ.
3. ಸರ್ಕಾರದ ಖಾತರಿ ಆದೇಶದ ಪ್ರತಿ.
4. ಈ ಸಾಲದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, 1-1-2024ರಿಂದ ಅರ್ಜಿಯ ದಿನಾಂಕದವರೆಗೆ.

ಅಷ್ಟೇ. 150 ಪದದಲ್ಲಿ ಇನ್ನೂ ಜಾಗ ಉಳಿದಿತ್ತು. ಮೇಷ್ಟ್ರಿಗೆ ಇನ್ನೆರಡು ಸಾಲು ಸೇರಿಸಬೇಕು ಅನ್ನಿಸಿತು. ನಾನು ಬಿಡಲಿಲ್ಲ. ದಿನಾಂಕದ ಗಡಿ ಹಾಕಲು ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ‘ದಾಖಲೆ ತುಂಬಾ ಇದೆ, ಬಂದು ನೋಡಿಕೊಳ್ಳಿ’ ಅನ್ನುತ್ತಾರೆ.

ಟೋಲ್‌ಗೆ ಎರಡನೇ ಅರ್ಜಿ. ಅದರಲ್ಲಿ ಡಿಪಿಆರ್‌ನ (ವಿವರವಾದ ಯೋಜನಾ ವರದಿ) ಹಣಕಾಸು ಅಧ್ಯಾಯ ಮತ್ತು ವಾಹನ ಸಂಚಾರದ ಅಂದಾಜು ಕೇಳಿ. ದಿನಕ್ಕೆ ಎಷ್ಟು ಗಾಡಿ ಓಡುತ್ತವೆ ಅನ್ನುವ ಅಂದಾಜಿನ ಮೇಲೆ ಇಡೀ ಲೆಕ್ಕ ನಿಂತಿರುತ್ತದೆ. ಅದು ಉಬ್ಬಿದ್ದರೆ ಕಂತಿನ ಭಾರ ಖಜಾನೆಗೆ ಬೀಳುತ್ತದೆ. ಡಿಪಿಆರ್ ಪೂರ್ತಿ ಕೇಳಬೇಡಿ. ಪುಟಕ್ಕೆ 2 ರೂಪಾಯಿ ಕೊಡಬೇಕಾಗುತ್ತದೆ, ಮಣ್ಣು ಪರೀಕ್ಷೆಯ ನೂರಾರು ಹಾಳೆ ನಿಮಗೆ ಬೇಕಿಲ್ಲ.

ಜೆರಾಕ್ಸ್ ಅಂಗಡಿಯ ಅಚ್ಚು ಹಾಕಿದ ಫಾರಂ, ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸಿದ್ಧ ನಮೂನೆ ಎರಡನ್ನೂ ದೂರ ಇಡಿ. ಅವು ಯಾವುದೋ ಇಲಾಖೆಗೆ ಬರೆದವು. ಅರ್ಜಿ ಹಾಕಿಕೊಡುತ್ತೇವೆ ಅಂತ ನೂರಾರು ರೂಪಾಯಿ ಕೇಳುವ ವೆಬ್‌ಸೈಟುಗಳಿಗೂ ಸುಮ್ನೆ ದುಡ್ಡು ಸುರಿಯಬೇಡಿ.

ಮೂರನೇ ಹೆಜ್ಜೆ: 10 ರೂಪಾಯಿ ಶುಲ್ಕ ಕಟ್ಟಿ, ಅರ್ಜಿ ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ. ಆನ್‌ಲೈನ್ ಇದ್ದರೂ ನಾನು ತಪಾಲು ಶಾಖೆಗೆ ಖುದ್ದಾಗಿ ಹೋಗಿ, ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೇ ಬರುತ್ತೇನೆ. ನೀವೂ ಹಾಗೇ ಮಾಡಿ.

ನಾಲ್ಕನೇ ಹೆಜ್ಜೆ: 30 ದಿನ ಎಣಿಸಿ. ಉತ್ತರ ಬರಲಿಲ್ಲ ಅಂದರೆ ನಿರಾಕರಿಸಿದಂತೆಯೇ ಲೆಕ್ಕ. ಅಲ್ಲಿಂದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಸಾಲದ ಕಾಗದಕ್ಕೆ ಸಾಮಾನ್ಯವಾಗಿ ಬರುವ ನೆಪ ‘ವಾಣಿಜ್ಯ ಗೌಪ್ಯತೆ’, ಅಂದರೆ 8(1)(ಡಿ). ಹೆದರಬೇಡಿ. ಮೇಲ್ಮನವಿಯಲ್ಲಿ ಎರಡು ಮಾತು ಬರೆಯಿರಿ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎಂದು 8(2) ಹೇಳುತ್ತದೆ. ಗೌಪ್ಯ ಭಾಗವನ್ನು ಮುಚ್ಚಿ ಉಳಿದದ್ದನ್ನು ಕೊಡಲು 10ನೇ ಸೆಕ್ಷನ್ ಇದೆ. ಸಂಪುಟದ ಟಿಪ್ಪಣಿ ಅಂದರೆ, ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಅದೂ ಬಹಿರಂಗ ಆಗಬೇಕು ಎಂದು ಕಾಯ್ದೆಯಲ್ಲೇ ಇದೆ ಅನ್ನಿ.

ತಡ ಮಾಡಬೇಡಿ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಬೆಂಗಳೂರಿನ ಖಾಸಗಿ ಟೋಲ್ ರಸ್ತೆಯಾದ ನೈಸ್ ರಸ್ತೆಯ ಒಪ್ಪಂದ ಆಗಿದ್ದು 1997ರಲ್ಲಿ. ಅದನ್ನು ಕೆದಕಿದ ವಿಧಾನಮಂಡಲದ ಸದನ ಸಮಿತಿಯ ವರದಿ ಬಂದಿದ್ದು 2016ರಲ್ಲಿ. ಅಷ್ಟರಲ್ಲಿ ರಸ್ತೆಯಲ್ಲಿ ಟೋಲ್ ವಸೂಲಿ ಶುರುವಾಗಿ ವರ್ಷಗಳೇ ಆಗಿದ್ದವು.

ಪ್ರತಿಗಳು ಕೈಗೆ ಬಂದ ದಿನ ಮೊದಲು ಮರುಪಾವತಿ ವೇಳಾಪಟ್ಟಿ ತೆಗೆಯಿರಿ. ಮೊದಲ ಕಂತಿನ ತಾರೀಖು ನೋಡಿ. ಪಕ್ಕದಲ್ಲಿ ಡಿಪಿಆರ್ ಇಟ್ಟುಕೊಂಡು ಟೋಲ್ ಶುರುವಾಗುವ ವರ್ಷ ನೋಡಿ. ಕಂತು ಮುಂಚೆ, ಟೋಲ್ ಆಮೇಲೆ ಅಂತ ಇದ್ದರೆ, ನಡುವಿನ ಕಂತುಗಳನ್ನು ಯಾವ ಖಾತೆಯಿಂದ ಕಟ್ಟುತ್ತಾರೆ ಅನ್ನುವ ಆದೇಶದ ಪ್ರತಿ ಕೇಳಿ ಮೂರನೇ ಅರ್ಜಿ ಹಾಕಿ. ಅದಕ್ಕೂ ಅದೇ 10 ರೂಪಾಯಿ.