ಗೋಡೆಯ ತೇವ ಎಲ್ಲಿಂದ? ಪೇಂಟ್ ಬಳಿಯುವ ಮೊದಲು ಹೀಗೆ ಪತ್ತೆ ಮಾಡಿ

ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸುರಿಯುವ ಕೊಡಗಿನಲ್ಲಿ ಹಳೆ ಮನೆಯ ಗೋಡೆಗೆ ಥಂಡಿ ಹಿಡಿಯುವುದು ಹೊಸದೇನಲ್ಲ. ಮಳೆ ಬಿಟ್ಟ ಕೂಡಲೇ ಹಲವರು ಕಲೆಯ ಮೇಲೆ ವಾಟರ್‌ಪ್ರೂಫ್ ಪೇಂಟ್ ಬಳಿಸುತ್ತಾರೆ. ಮುಂದಿನ ಮಳೆಗಾಲದಲ್ಲಿ ಅದು ಗುಳ್ಳೆ ಎದ್ದು ಉದುರುತ್ತದೆ. ನೀರು ಬರುವ ದಾರಿ ಗೊತ್ತಾಗುವವರೆಗೆ ದಯವಿಟ್ಟು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಮೊದಲು ಬೇಕಾದದ್ದು ಪೆನ್ಸಿಲ್. ಕಲೆಯ ಅಂಚಿಗೆ ಗೆರೆ ಎಳೆದು ಪಕ್ಕದಲ್ಲೇ ತಾರೀಕು ಬರೆಯಿರಿ. ಜೋರು ಮಳೆಯ ಮರುದಿನ ನೋಡಿ, ನಾಲ್ಕು ದಿನ ಬಿಸಿಲು ಬಿದ್ದ ಮೇಲೂ ನೋಡಿ. ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗಿದರೆ ನೀರು ಹೊರಗಿನದು. ಮಳೆ ಇರಲಿ ಬಿಡಲಿ ಒಂದೇ ಥರ ಇದ್ದರೆ ಪೈಪ್ ಮೇಲೆ ಅನುಮಾನ ಪಡಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕ್‌ಗೆ ನೀರು ಬರುವುದನ್ನೂ ನಿಲ್ಲಿಸಿ, ಒಳಗಿನ ಮಟ್ಟ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಕಲೆ ಸ್ವಿಚ್ ಬೋರ್ಡ್ ಹತ್ತಿರ ಇದ್ದರೆ ಮಾತ್ರ ಈ ಪರೀಕ್ಷೆಗಳೆಲ್ಲ ಆಮೇಲೆ. ಮೊದಲು ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಆಮೇಲೆ ಎತ್ತರ ನೋಡಿ. ನೆಲದಿಂದ ಶುರುವಾಗಿ ಸುಮಾರು ಮೂರು ಅಡಿಯೊಳಗೆ ನಿಂತ ಕಲೆ, ಮೇಲಂಚಿನಲ್ಲಿ ಕೈಗೆ ಹತ್ತುವ ಉಪ್ಪಿನಂಥ ಬಿಳಿ ಪುಡಿ: ಇದು ಸಾಮಾನ್ಯವಾಗಿ ನೆಲದಿಂದ ಏರುವ ನೀರು. ಹೊರಗೆ ಹೋಗಿ ಅಂಗಳ ನೋಡಿ. ಹಳಬರು ಮನೆಯ ನೆಲವನ್ನು ಅಂಗಳಕ್ಕಿಂತ ಎತ್ತರದಲ್ಲೇ ಕಟ್ಟಿರುತ್ತಾರೆ. ನಾವು ಕಾಂಕ್ರೀಟ್, ಅದರ ಮೇಲೆ ಇಂಟರ್‌ಲಾಕ್ ಅಂತ ಹಾಕಿಸುತ್ತಾ ಆ ಎತ್ತರವನ್ನೆಲ್ಲ ನುಂಗಿರುತ್ತೇವೆ. ಸೂರಿನ ನೀರು ಬಿದ್ದು ಗೋಡೆ ಬುಡಕ್ಕೆ ಎರಚುತ್ತಿದೆಯೇ ಎಂದೂ ಗಮನಿಸಿ. ಮನೆ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ ಇದ್ದರೆ ಕುಸಿದ ಮಣ್ಣು ಗೋಡೆಗೆ ಒರಗಿ ನಿಂತಿರಬಹುದು, ಚರಂಡಿ ಮುಚ್ಚಿರಬಹುದು. ಆ ಮಣ್ಣು ತೆಗೆಸಿ, ಚರಂಡಿ ಬಿಡಿಸಿದರೆ ಎಷ್ಟೋ ಮನೆಗಳಲ್ಲಿ ಅರ್ಧ ಕೆಲಸ ಮುಗಿದಂತೆ.

ಕಲೆ ಗೋಡೆಯ ಮೇಲ್ಭಾಗದಲ್ಲಿದ್ದರೆ ಮಳೆ ಬರುವಾಗಲೇ ಟಾರ್ಚ್ ಹಿಡಿದು ಅಟ್ಟ ಹತ್ತಿ. ಒಡೆದ ಹೆಂಚು ಕಲೆಯ ನೇರ ಮೇಲೆಯೇ ಇರಬೇಕೆಂದೇನಿಲ್ಲ. ನೀರು ಮರದ ಮೇಲೆ ಹರಿದು ದೂರ ಬಂದು ಇಳಿಯುತ್ತದೆ. ಹೆಂಚಿನ ಮನೆಗೆ ಆಮೇಲೆ ತಾರಸಿ ಸೇರಿಸಿದ್ದರೆ ಆ ಸೇರುವ ಜಾಗವನ್ನು ತಪ್ಪದೆ ನೋಡಿ. ಗೋಡೆಯ ನಡುವೆ, ಅದರಲ್ಲೂ ಪಶ್ಚಿಮ ಮತ್ತು ನೈಋತ್ಯದ ಕಡೆ ಕಲೆ ಇದ್ದರೆ ಗಾಳಿ ಮಳೆಯ ಎರಚಲು. ಹೊರಗಿನ ಬಿರುಕು, ಕಿಟಕಿ ಚೌಕಟ್ಟಿನ ಸಂದು ಹುಡುಕಿ.

ಬೀರುವಿನ ಹಿಂದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಇದ್ದರೆ ಅದು ಮನೆಯೊಳಗಿನ ಹಬೆಯೇ ಇರಬಹುದು. ಮಳೆಗಾಲದಲ್ಲಿ ಒಳಗೇ ಬಟ್ಟೆ ಒಣಗಿಸುತ್ತೇವೆ ಅಲ್ವಾ? ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಗೋಡೆಯ ಮೇಲ್ಮೈಯನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒಂದಡಿ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಗಾಳಿಯಾಡದಂತೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ನಮ್ಮ ಕಡೆಯ ಮುಖದಲ್ಲಿ ಹನಿ ಕೂತರೆ ಕೋಣೆಯ ಹಬೆ. ಗೋಡೆ ಕಡೆಯ ಮುಖದಲ್ಲಿ ಕೂತರೆ ಗೋಡೆಯೊಳಗೇ ನೀರಿದೆ. ಎರಡೂ ಕಡೆ ಕೂತರೆ ಎರಡೂ ಕಾರಣ ಇವೆ. ಹಬೆಗೆ ಬೀರುವನ್ನು ಗೋಡೆಯಿಂದ ಸ್ವಲ್ಪ ಸರಿಸಿ, ಮಳೆ ಬಿಟ್ಟಾಗಲೆಲ್ಲ ಕಿಟಕಿ ತೆರೆಯಿರಿ.

2018ರ ಆಗಸ್ಟ್‌ನ ಭೂಕುಸಿತ ಕಂಡ ಊರಿಗೆ ಒಂದು ಮಾತು ಹೇಳಲೇಬೇಕು. ಬರೆ ಕಡೆಯ ಗೋಡೆ ಇದ್ದಕ್ಕಿದ್ದಂತೆ ಒದ್ದೆಯಾಗಿ, ಹೊಸ ಬಿರುಕು ಬಿಟ್ಟು, ಬರೆಯಿಂದ ಕೆಸರು ನೀರು ಬರತೊಡಗಿದರೆ ಪತ್ತೆಯ ಕೆಲಸ ಬಿಡಿ. ಮನೆಯವರನ್ನೆಲ್ಲ ಕರೆದುಕೊಂಡು ಆಚೆ ಹೋಗಿ, ಪಂಚಾಯಿತಿಗೆ ತಿಳಿಸಿ.

ಕಾರಣ ಸರಿಪಡಿಸಿದ ಮೇಲೂ ದಪ್ಪ ಮಣ್ಣಿನ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು. ಅದಕ್ಕೆ ಸಿಮೆಂಟ್ ಮೆತ್ತಿಸಬೇಡಿ, ನೀರು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣವೇ ವಾಸಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಮೊದಲಿನ ಒಣ ದಿನಗಳಲ್ಲಿ, ಇನ್ನೊಮ್ಮೆ ಪ್ಲಾಸ್ಟಿಕ್ ಅಂಟಿಸಿ ನೋಡಿ, ಹನಿ ಕೂರದಿದ್ದರೆ ಗಾರೆಯವರನ್ನು ಕರೆಯಿರಿ.