ಕೂತಲ್ಲೇ ಮನೆ ಸುತ್ತಿಸುವುದು ಹೇಗೆ?

ಮೈಸೂರಿನಲ್ಲಿ ಒಂದು 30×40 ಮನೆ ಮಾರಾಟಕ್ಕಿದೆ ಅಂದುಕೊಳ್ಳಿ. ಕೊಳ್ಳುವ ಪಾರ್ಟಿ ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದಾರೆ. ನೀವು ವಾಟ್ಸ್‌ಆ್ಯಪ್‌ನಲ್ಲಿ ಹತ್ತಾರು ಫೋಟೊ ಕಳಿಸುತ್ತೀರಿ. ಅವರು ಕೇಳುವುದೇ ಬೇರೆ. 'ಅಡುಗೆಮನೆಯಿಂದ ಯುಟಿಲಿಟಿಗೆ ಬಾಗಿಲು ಎಲ್ಲಿದೆ? ಮುಂದಿನ ರಸ್ತೆ ಎಷ್ಟು ಅಡಿ? ಪಕ್ಕದ ಸೈಟ್ ಖಾಲಿ ಇದೆಯಾ?' ಫೋಟೊದಲ್ಲಿ ಕಾಣುವುದು ನೀವು ಆರಿಸಿದ ಮೂಲೆ ಮಾತ್ರ. ನೋಡುವವರು ತಮಗೆ ಬೇಕಾದ ಕಡೆ ತಿರುಗಿ ನೋಡುವಂತಿದ್ದರೆ, ಅಲ್ಲೇ ಪ್ರಶ್ನೆ ಕೇಳುವಂತಿದ್ದರೆ ಇಬ್ಬರಿಗೂ ಎಷ್ಟೋ ಅಲೆದಾಟ ತಪ್ಪುತ್ತದೆ. ಇದಕ್ಕೆ ದೊಡ್ಡ ಬಿಲ್ಡರ್ ಆಗಿರಬೇಕಿಲ್ಲ. ಒಬ್ಬರೇ ಓಡಾಡುವ ಏಜೆಂಟ್ ಕೂಡ ಮಾಡಬಹುದು.

ಕ್ಯಾಮೆರಾಗಿಂತ ಮೊದಲು ಕಾಗದ

ಖಾತೆ, ಇಸಿ (ಆಸ್ತಿಯ ಮೇಲೆ ಸಾಲಗೀಲ ಇದೆಯೇ ಅಂತ ತೋರಿಸುವ ಋಣಭಾರ ಪತ್ರ), ತೆರಿಗೆ ರಸೀದಿ, ಮಂಜೂರಾದ ಪ್ಲಾನ್ ಕೈಯಲ್ಲಿರಲಿ. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ ತಾಣದಲ್ಲೇ ತೆಗೆಸಬಹುದು. ಹೊಸ ಲೇಔಟ್ ಅಥವಾ ಅಪಾರ್ಟ್‌ಮೆಂಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇದೆಯೇ ನೋಡಿ. 2016ರ ರೇರಾ ಕಾಯ್ದೆಯ ಪ್ರಕಾರ, ನೋಂದಣಿ ಬೇಕಾದ ಪ್ರಾಜೆಕ್ಟನ್ನು ನೋಂದಾಯಿಸದೆ ಜಾಹೀರಾತು ಮಾಡುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಇನ್‌ಸ್ಟಾಗ್ರಾಂ ರೀಲ್, ವಾಟ್ಸ್‌ಆ್ಯಪ್ ಸ್ಟೇಟಸ್ ಕೂಡ ಜಾಹೀರಾತೇ ಅಂತ ಇಟ್ಟುಕೊಂಡು ಎಲ್ಲದರಲ್ಲೂ ಸಂಖ್ಯೆ ಹಾಕಿ. ಇಂಥ ಪ್ರಾಜೆಕ್ಟ್‌ಗಳನ್ನು ಮಾರಿಸುವ ಏಜೆಂಟರಿಗೂ ರೇರಾ ನೋಂದಣಿ ಬೇಕು.

ಮನೆಯನ್ನು ಸುತ್ತಲೂ ಸೆರೆಹಿಡಿಯುವುದು

ಇದೇ ಮುಖ್ಯ ಕೆಲಸ. ಒಂದು 360 ಡಿಗ್ರಿ ಕ್ಯಾಮೆರಾ ಬೇಕು. ಇನ್‌ಸ್ಟಾ360, ರಿಕೋ ಥೀಟಾ ತರದವು. ಹಿಂದೆ ಮುಂದೆ ಎರಡು ಲೆನ್ಸ್ ಇರುತ್ತವೆ, ಒಂದೇ ಸಲಕ್ಕೆ ಇಡೀ ರೂಮು ಸಿಗುತ್ತದೆ. ಕೊಳ್ಳುವುದು ದುಬಾರಿ ಅನಿಸಿದರೆ ದಿನದ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ಫೋನಿನ ಪನೋರಮಾದಲ್ಲೂ ಪ್ರಯತ್ನಿಸಬಹುದು. ಆದರೆ ಸಣ್ಣ ರೂಮಿನಲ್ಲಿ ಗೋಡೆಗಳು ಸೊಟ್ಟಗೆ ಕಾಣುತ್ತವೆ.

ಹಿಂದಿನ ದಿನವೇ ಮನೆಯವರಿಗೆ ಹೇಳಿ ಗುಡಿಸಿ ಒರೆಸಿಡಿಸಿ. ಬೆಳಗ್ಗೆ ಹೋಗಿ. ಎಲ್ಲ ಲೈಟ್ ಹಾಕಿ, ಪರದೆ ಸರಿಸಿ, ಒಳಬಾಗಿಲುಗಳನ್ನು ತೆರೆದಿಡಿ. ಕ್ಯಾಮೆರಾವನ್ನು ತೆಳ್ಳಗಿನ ಸ್ಟ್ಯಾಂಡ್ ಮೇಲೆ ರೂಮಿನ ನಡುವೆ, ಸುಮಾರು 5 ಅಡಿ ಎತ್ತರದಲ್ಲಿ ನಿಲ್ಲಿಸಿ. ಕುರ್ಚಿ, ಬೀರು ತೀರಾ ಹತ್ತಿರ ಇರಬಾರದು. ಇದ್ದರೆ ಎರಡು ಲೆನ್ಸಿನ ಚಿತ್ರ ಸೇರುವ ಜಾಗದಲ್ಲಿ ಅವು ಮುರಿದಂತೆ ಕಾಣುತ್ತವೆ. ಫೋನಿನಿಂದ ಕ್ಲಿಕ್ ಮಾಡುವಾಗ ನೀವು ಪಕ್ಕದ ರೂಮಿಗೆ ಹೋಗಿಬಿಡಿ. ಬೀರುವಿನ ಕನ್ನಡಿಯಲ್ಲಿ ನೀವು ಕಾಣುತ್ತೀರಾ ಅಂತಲೂ ನೋಡಿಕೊಳ್ಳಿ.

ಹಾಲ್ ಉದ್ದವಾಗಿದ್ದರೆ ಎರಡು ಕಡೆ ತೆಗೆಯಿರಿ. ಬಚ್ಚಲಮನೆಗೆ ಹೊಸ್ತಿಲ ಹತ್ತಿರ ಒಂದು ಸಾಕು. ಯುಟಿಲಿಟಿ, ಸಂಪು, ಮೀಟರ್ ಬೋರ್ಡ್, ಮೆಟ್ಟಿಲು, ತಾರಸಿ ಬಿಡಬೇಡಿ. ಎಲ್ಲರೂ ಬಿಡುವುದು ಇವನ್ನೇ, ಪಾರ್ಟಿ ಮೊದಲು ಕೇಳುವುದೂ ಇವನ್ನೇ. ಗೇಟಿನ ಹೊರಗೆ ರಸ್ತೆಯಲ್ಲಿ ನಿಂತು ಒಂದು ತೆಗೆದರೆ ಅಕ್ಕಪಕ್ಕದ ಮನೆ, ಚರಂಡಿ, ಕರೆಂಟ್ ಕಂಬ ಎಲ್ಲ ಕಾಣುತ್ತದೆ.

ಗೋಡೆಯಲ್ಲಿ ತೇವದ ಕಲೆ ಇದೆಯಾ? ಅದೂ ಇರಲಿ. ಕಲೆ ಮುಚ್ಚಿ ಕರೆಸಿದ ಗಿರಾಕಿ ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ. ಕಲೆ ನೋಡಿಯೇ ಬಂದವರು ರೇಟು ಮಾತಾಡಲು ಬಂದಿರುತ್ತಾರೆ. ಮರೆಮಾಡಬೇಕಾದದ್ದು ಬೇರೆ ಇದೆ: ಮಕ್ಕಳ ಫೋಟೊ, ಗೋಡೆಯ ಮೇಲಿನ ಸರ್ಟಿಫಿಕೇಟ್, ಗಾಡಿ ನಂಬರ್. ಇವನ್ನೆಲ್ಲ ಮಸುಕು ಮಾಡಿ. ಅದು ಇನ್ನೊಬ್ಬರ ಸಂಸಾರ, ಅಲ್ವಾ?

ಆಮೇಲೆ ಚಿತ್ರಗಳನ್ನು ಕೂಲಾದಂಥ, 360 ಚಿತ್ರ ಜೋಡಿಸುವ ತಾಣಕ್ಕೆ ಏರಿಸಿ. ಹಾಲಿನ ಚಿತ್ರದಲ್ಲಿ ಅಡುಗೆಮನೆ ಬಾಗಿಲಿನ ಮೇಲೆ ಒಂದು ಗುರುತು ಇಟ್ಟರೆ, ಅದನ್ನು ಒತ್ತಿದವರು ಅಡುಗೆಮನೆಗೆ ಹೋಗುತ್ತಾರೆ. ಹೀಗೆ ಎಲ್ಲ ರೂಮು ಜೋಡಿಸಿದರೆ ಮನೆಯ 'ಟೂರ್' ಸಿದ್ಧ. ಒಂದು ವಿಷಯ ಮರೆಯಬೇಡಿ. ಈ ಲೆನ್ಸಿನಲ್ಲಿ 10×10 ರೂಮು ಕೂಡ ಹಾಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಪ್ರತಿ ರೂಮಿಗೂ ಟೇಪಿನಲ್ಲಿ ಅಳೆದ ಅಳತೆ ಬರೆಯಿರಿ. ಫ್ಲ್ಯಾಟ್ ಆದರೆ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ) ಹಾಕಿ. ಲಿಫ್ಟ್, ಮೆಟ್ಟಿಲಿನಂಥ ಎಲ್ಲರ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟಪ್ ಒಂದನ್ನೇ ಹಾಕಿ ಸುಮ್ಮನಾಗಬೇಡಿ. ಇನ್ನೂ ಕಟ್ಟದ ಮನೆಯ ಕಂಪ್ಯೂಟರ್ ಚಿತ್ರ ಆಗಿದ್ದರೆ ಚಿತ್ರದ ಮೇಲೇ ಹಾಗೆಂದು ಬರೆಯಿರಿ. ಜಾಹೀರಾತಿನ ಸುಳ್ಳು ಮಾಹಿತಿ ನಂಬಿ ದುಡ್ಡು ಕೊಟ್ಟವರಿಗೆ ಪರಿಹಾರ ಕೇಳುವ ಹಕ್ಕನ್ನು ರೇರಾ ಕಾಯ್ದೆಯ 12ನೇ ಸೆಕ್ಷನ್ ಕೊಟ್ಟಿದೆ.

ಜಾಗದ ಗುರುತು

ಗೂಗಲ್ ಮ್ಯಾಪ್‌ನ ಪಿನ್ ಬಡಾವಣೆಯ ಮೇಲಲ್ಲ, ಗೇಟಿನ ಮೇಲೇ ಇರಲಿ. ಸೈಟ್ ಅಥವಾ ಜಮೀನಾದರೆ ಅಲ್ಲೇ ನಿಂತು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕಾಗದದಲ್ಲಿರುವ ನಂಬರಿಗೆ ತಾಳೆಯಾಗುತ್ತದೆಯೇ ನೋಡಿ, ಸ್ಕ್ರೀನ್‌ಶಾಟ್ ಸೇರಿಸಿ.

ಕೇಳಿದ ತಕ್ಷಣ ಉತ್ತರ

ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಕ್ಯಾಟಲಾಗ್‌ನಲ್ಲಿ ಒಂದೊಂದು ಮನೆಗೂ ಬೆಲೆ, ಅಳತೆ, ದಿಕ್ಕು, ಟೂರ್ ಲಿಂಕ್ ಹಾಕಿ. ಬೆಲೆಗೆ 'ಫೋನ್ ಮಾಡಿ' ಅಂತ ಬರೆದರೆ ಜನ ಸುಮ್ನೆ ಮುಂದೆ ಹೋಗುತ್ತಾರೆ. ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರವನ್ನು ಕ್ವಿಕ್ ರಿಪ್ಲೈನಲ್ಲಿ ಬರೆದಿಟ್ಟುಕೊಳ್ಳಿ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ. ಗೇಟಿನ ಬೋರ್ಡ್ ಮೇಲೆ ಟೂರ್ ಲಿಂಕಿನ ಕ್ಯೂಆರ್ ಕೋಡ್ ಅಂಟಿಸಿ. ಸಂಜೆ ವಾಕಿಂಗ್ ಹೋಗುವವರು ಸ್ಕ್ಯಾನ್ ಮಾಡಿ ಮನೆಗೆ ಹೋಗಿ ನೋಡಲಿ.

ವಿಡಿಯೋ ಕಾಲ್‌ನಲ್ಲಿ ಮನೆ

ಟೂರ್ ನೋಡಿ ಮನಸ್ಸಾದವರಿಗೆ ಸಮಯ ಗೊತ್ತುಮಾಡಿ ಲೈವ್ ತೋರಿಸಿ. ಮಾತು ಅವರದೇ ಜಾಸ್ತಿ ಇರಲಿ. ಹಿಂದಿನ ಕ್ಯಾಮೆರಾ ಇಟ್ಟುಕೊಂಡು ನಿಧಾನ ನಡೆಯಿರಿ. 'ನಲ್ಲಿ ತಿರುಗಿಸಿ' ಅಂದರೆ ತಿರುಗಿಸಿ. ಮುಂಬಾಗಿಲಲ್ಲಿ ಇನ್ನೊಂದು ಫೋನಿನ ಕಂಪಾಸ್ ತೋರಿಸಿ, ವಾಸ್ತು ನೋಡುವವರಿಗೆ ಅಷ್ಟು ಬೇಕು. ಕಿಟಕಿ ತೆರೆದು ಒಂದು ನಿಮಿಷ ಸುಮ್ಮನಿದ್ದರೆ ರಸ್ತೆಯ ಗಲಾಟೆ ಎಷ್ಟಿದೆ ಅಂತ ಅವರಿಗೇ ಕೇಳುತ್ತದೆ. ಅಪ್ಪ ಅಮ್ಮ ಊರಲ್ಲಿ, ಮಗಳು ದುಬೈನಲ್ಲಿ ಇದ್ದರೆ ಮೂವರನ್ನೂ ಒಂದೇ ಕಾಲ್‌ಗೆ ಸೇರಿಸಿ. ತೀರ್ಮಾನ ಎಲ್ಲರೂ ಸೇರಿ ಮಾಡುವಂಥದ್ದು. ಕಾಲ್ ಮುಗಿದ ಮೇಲೆ ಒಪ್ಪಿದ್ದೇನು, ಬಾಕಿ ಕೇಳಿದ್ದೇನು ಅಂತ ಬರೆದು ಕಳಿಸಿ. ಹಾಗಂತ ವಿಡಿಯೋ ನೋಡಿಯೇ ಟೋಕನ್ ಹಾಕಿ ಅಂತ ಯಾರನ್ನೂ ಒತ್ತಾಯಿಸಬೇಡಿ. ಅವರ ಕಡೆಯವರು ಒಬ್ಬರಾದರೂ ಮನೆ ನೋಡಲಿ, ವಕೀಲರು ಕಾಗದ ನೋಡಲಿ.

ಅಡ್ವಾನ್ಸ್ ಆದ ಮೇಲೆ

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕಟ್ಟುತ್ತಿರುವ ಮನೆಯಾದರೆ ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು 360 ಚಿತ್ರ ತೆಗೆದು ಕಳಿಸಿ. ಕೆಲಸ ಎಲ್ಲಿಗೆ ಬಂತು ಅಂತ ದುಡ್ಡು ಕೊಟ್ಟವರಿಗೆ ಫೋನ್ ಮಾಡದೆಯೇ ಗೊತ್ತಾಗುತ್ತದೆ. ರೇರಾ ನೋಂದಣಿಯಾದ ಪ್ರಾಜೆಕ್ಟ್‌ಗಳ ಬಿಲ್ಡರ್‌ಗಳು ಹೇಗೂ ಮೂರು ತಿಂಗಳಿಗೊಮ್ಮೆ ಪ್ರಗತಿಯ ವಿವರ ಹಾಕಲೇಬೇಕು. ಪ್ಲಾಸ್ಟರಿಂಗ್‌ಗೆ ಮೊದಲು ಎಲ್ಲ ರೂಮಿನ ಒಂದು ಸೆಟ್ ತಪ್ಪದೆ ತೆಗೆದಿಡಿ. ಪೈಪ್, ವೈರಿಂಗ್ ಯಾವ ಗೋಡೆಯಲ್ಲಿ ಹೋಗಿದೆ ಅಂತ ಆಮೇಲೆ ಎಸಿ ಕೂರಿಸುವಾಗ, ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ರಿಜಿಸ್ಟ್ರೇಷನ್ ಆದ ದಿನವೇ ಟೂರ್ ಲಿಂಕ್ ಮುಚ್ಚಿ, ಗೇಟಿನ ಕ್ಯೂಆರ್ ಕೋಡ್ ಕಿತ್ತುಹಾಕಿ. ಚಿತ್ರಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ ಕಾಗದಪತ್ರದ ಫೈಲ್ ಜೊತೆ ಹೊಸ ಮಾಲೀಕರ ಕೈಗೆ ಕೊಡಿ.